ಮೂರನೆಯ ನಿಮಿಷದ ಉಸಿರು

ಶವಪೆಟ್ಟಿಗೆಯಲ್ಲಿ ಮಲಗಿದ್ದ ಹಿರೊಸೆಯ ಎಡಗಿವಿಯ ಪಕ್ಕದಲ್ಲಿ, ಬಿಳಿ ಹೊದಿಕೆಯ ಮಡಿಕೆಯೊಳಗೆ ಇಸೊಗಾಯ್ ಆ ಸಿಡಿಯನ್ನು ತೂರಿಸುತ್ತಿದ್ದಾಗ ಹಿಂದಿನಿಂದ ಯಾರೋ ಮೆಲ್ಲಗೆ ಕೆಮ್ಮಿದರು. ತಿರುಗಿ ನೋಡಿದರೆ ಅಂತ್ಯಸಂಸ್ಕಾರ ಭವನದ ಪರಿಚಾರಿಕೆ. ಕೈಗವಸು ತೊಟ್ಟ ಎರಡೂ ಕೈಗಳನ್ನು ಹೊಟ್ಟೆಯ ಮೇಲೆ ಜೋಡಿಸಿಕೊಂಡು ನಿಂತಿದ್ದಳು.

"ಕ್ಷಮಿಸ್ಬೇಕು ಯಜಮಾನ್ರೇ, ಅದನ್ನ ಪೆಟ್ಟಿಗೇಲಿ ಇಡೋ ಹಾಗಿಲ್ಲ."

"ಯಾಕಮ್ಮ? ಒಂದೇ ಒಂದು ತಟ್ಟೆ."

"ಕರಗಿ ಮೂಳೆಗೆ ಅಂಟ್ಕೊಳ್ಳತ್ತೆ. ಚಿತಾಗಾರದವ್ರು ಒಪ್ಪಲ್ಲ. ಅವ್ರ ಕನ್ನಡಕಾನೂ ತೆಗೆದಿಟ್ಟಿದ್ದೀವಿ ನೋಡಿ. ಕಾಗದ, ಬಟ್ಟೆ, ಹೂವು, ತಿಂಡಿ ಆದ್ರೆ ಪರವಾಗಿಲ್ಲ."

ಇಸೊಗಾಯ್ ಕೈ ಹಿಂದಕ್ಕೆ ತೆಗೆದುಕೊಂಡ. ಸಿಡಿಯ ಪೆಟ್ಟಿಗೆಯೊಳಗೆ ಹಾಡುಗಳ ಸಾಹಿತ್ಯ ಅಚ್ಚಾದ ಪುಟ್ಟ ಪುಸ್ತಿಕೆಯೊಂದಿತ್ತು. ಅದು ಕಾಗದವೇ. ಅದನ್ನಾದರೂ ಎಳೆದು ಇಡಬಹುದಿತ್ತು. ಹೆಬ್ಬೆರಳು ಅದರ ಅಂಚಿನವರೆಗೂ ಹೋಯಿತು, ಅಲ್ಲೇ ನಿಂತಿತು. ಮೊದಲ ಮುದ್ರಣದ ಸಿಡಿ ಅದು. ಪುಸ್ತಿಕೆ ಕಳೆದುಕೊಂಡರೆ ಹಲ್ಲು ಮುರಿದ ಬಾಚಣಿಗೆಯ ಹಾಗೆ. ಸತ್ತ ಗೆಳೆಯನ ಮುಖದ ಮುಂದೆ ನಿಂತು ತಾನು ಇಂಥ ಲೆಕ್ಕ ಹಾಕುತ್ತಿದ್ದೇನಲ್ಲ ಎಂದು ಅವನಿಗೆ ಕಿವಿ ಬಿಸಿಯಾಯಿತು. ಆದರೂ ಹೆಬ್ಬೆರಳು ಮುಂದಕ್ಕೆ ಹೋಗಲಿಲ್ಲ.

ಅಷ್ಟರಲ್ಲಿ ಕಪ್ಪು ಸೂಟಿನ ದಪ್ಪನೆಯ ಆಳೊಬ್ಬ ಪೆಟ್ಟಿಗೆಯ ಆಚೆ ಬದಿಗೆ ಬಂದು ನಿಂತ. ಅರವತ್ತು ದಾಟಿರಬಹುದು. ಈಗ ತಾನೇ ಬಿಸಿನೀರಿನಿಂದ ಎದ್ದು ಬಂದವನ ಹಾಗೆ ಕೆನ್ನೆ ಕೆಂಪಗಿತ್ತು. ಕೈಮುಗಿದು, ಕಣ್ಣು ಮುಚ್ಚಿ ಅಮಿದಾ ಬುದ್ಧನ ಹೆಸರು ಹೇಳಿಕೊಂಡ. ಆಮೇಲೆ ಒಳಜೇಬಿನಿಂದ ಅಂಗೈಗಿಂತ ಕೊಂಚ ದೊಡ್ಡದಾದ ರಟ್ಟಿನ ಹೊದಿಕೆಯೊಂದನ್ನು ತೆಗೆದು ಹಿರೊಸೆಯ ಬಲಗಿವಿಯ ಪಕ್ಕ ಇಟ್ಟ. ಪರಿಚಾರಿಕೆ ಬೇಡವೆನ್ನಲಿಲ್ಲ, ತಲೆ ಬಾಗಿಸಿದಳು.

ಹೊದಿಕೆಯ ಮೇಲಿನ ಚಿತ್ರ ಇಸೊಗಾಯ್‌ಗೆ ತನ್ನ ಅಂಗೈ ಗೆರೆಗಳಷ್ಟೇ ಗೊತ್ತು. ಕಡಲ ನಡುವೆ ಬಿಳಿಯ ದೀಪಸ್ತಂಭ, ಅದರ ಬುಡ ನೆಕ್ಕುತ್ತಿರುವ ಕಪ್ಪು ಹಸು. ಅವನ ಕೈಯಲ್ಲಿದ್ದ ಪೆಟ್ಟಿಗೆಯ ಮೇಲೆಯೂ ಅದೇ ಚಿತ್ರ. ಆಲ್ಬಮಿನ ಹೆಸರು 'ಉಪ್ಪಿನ ದೀಪಸ್ತಂಭ.'

"ಒಳಗಿನ ತಟ್ಟೆ?" ಎಂಬ ಮಾತು ತಾನಾಗಿ ಅವನ ಬಾಯಿಂದ ಬಿತ್ತು.

"ಮನೇಲಿದೆ. ನಮ್ಮಪ್ಪನ್ನ ಕಳಿಸುವಾಗ ಇಂಥದ್ದೇ ಏನೋ ಇಡಕ್ಕೆ ಹೋಗಿ ಬೈಸ್ಕೊಂಡಿದ್ದೆ. ಅದಕ್ಕೆ ಈ ಸಲ ಬರೀ ರಟ್ಟು ತಂದೆ."

"ಹೊದಿಕೆ ಇಲ್ದೆ ಆ ತಟ್ಟೆ ಇಟ್ಕೊಂಡು ಏನ್ಮಾಡ್ತೀರಿ?"

"ಏನ್ಮಾಡೋದು? ಕೇಳ್ತೀನಿ."

ಎರಡು ಪ್ರತಿ ಕೊಂಡಿರುತ್ತಾನೆ ಬಿಡು, ಎಂದುಕೊಂಡ ಇಸೊಗಾಯ್.

ಹಿರೊಸೆಯ ಮಗಳು ಚಿಹಾರು ಹತ್ತಿರ ಬಂದಳು. ರಾತ್ರಿಯಿಡೀ ಧೂಪದ ಬಳಿ ಕೂತು ಕಣ್ಣು ಊದಿದ್ದವು. "ಇಸೊಗಾಯ್ ಮಾಮ, ಇವರು ಮಕಾಬೆ. ಮೀನುಪೇಟೆ ಹಿಂದೆ ಸಾರ್ವಜನಿಕ ಸ್ನಾನದ ಮನೆ ಇದೆಯಲ್ಲ, ಅದರ ಮಾಲೀಕರು. ಅಪ್ಪ ಬುಧವಾರ ಬುಧವಾರ ಇವ್ರ ಹತ್ರಾನೇ ಹೋಗ್ತಿದ್ರು."

"ಬುಧವಾರ ಅವನು ಬೆನ್ನಿನ ಚಿಕಿತ್ಸೆಗೆ ಹೋಗ್ತಿದ್ದ," ಎಂದ ಇಸೊಗಾಯ್.

"ಅದೇ ಚಿಕಿತ್ಸೆ," ಎಂದು ಮಕಾಬೆ ನಕ್ಕ. "ಬುಧವಾರ ನಮಗೆ ರಜಾ. ಅವ್ರೊಬ್ರಿಗೋಸ್ಕರ ಸಣ್ಣ ತೊಟ್ಟಿ ಕಾಯಿಸ್ತಿದ್ದೆ. ಬೆನ್ನು ಬೆಚ್ಚಗೆ ಮಾಡ್ಕೊಂಡು ಬರೋರು. ಆಮೇಲೆ ಬಟ್ಟೆ ಬದಲಾಯಿಸೋ ಕೋಣೇಲಿ ಇಬ್ರೂ ಕೂತು ಇದನ್ನೇ ಕೇಳೋದು. ಆ ಸಿಡಿ, ಈ ಸಿಡಿ, ಒಂದರ ಪಕ್ಕ ಒಂದಿಟ್ಟು. ಆರು ವರ್ಷ ಆಗಿತ್ತು. ನೀವು ಭಾನುವಾರದವ್ರು ಅಲ್ವಾ? ನಿಮ್ಮ ವಿಷಯ ಬೇಕಾದಷ್ಟು ಹೇಳೋರು."

"ನಿಮ್ಮ ವಿಷಯ ಅವನು ಒಂದು ಮಾತೂ ಹೇಳಿಲ್ಲ."

ಮಕಾಬೆಯ ಕೆಂಪು ಕೆನ್ನೆ ಸ್ವಲ್ಪ ಬಾಡಿತು. ಇಸೊಗಾಯ್‌ಗೆ ಅದರಿಂದ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಹೇಳದೆ ಮುಚ್ಚಿಟ್ಟದ್ದು ತನ್ನಿಂದ ತಾನೇ? ಈ ಸ್ನಾನದ ಮನೆಯವನಿಗೆ ಎಲ್ಲ ಗೊತ್ತು, ಗೊತ್ತಿಲ್ಲದವನು ತಾನು.

"ನೀವಿಬ್ರೂ ಇದ್ದಿದ್ದು ಒಳ್ಳೇದಾಯ್ತು," ಎಂದಳು ಚಿಹಾರು. "ಪೆಟ್ಟಿಗೆ ಮುಚ್ಚೋ ಹೊತ್ತಿಗೆ ಆ ದೀಪಸ್ತಂಭ ಹಾಕ್ಸು ಅಂತ ಅಪ್ಪ ಹೇಳಿಟ್ಟಿದ್ರು. ಬೀರು ತೆಗೆದು ನೋಡಿದ್ರೆ ಹನ್ನೊಂದಿವೆ. ಎಲ್ಲದ್ರ ಮೇಲೂ ಅದೇ ಹಸು. ಯಾವ್ದು ಹಾಕ್ಸ್ಲಿ?"

"ಮೊದಲ್ನೇದು," ಎಂದ ಇಸೊಗಾಯ್.

"ಕೊನೇದು," ಎಂದ ಮಕಾಬೆ, ಅದೇ ಗಳಿಗೆಯಲ್ಲಿ.

*

ಹಿರೊಸೆ ಶಾಲೆಗಳಿಗೆ ಬ್ರೆಡ್ಡು ಹಂಚುವ ಗಾಡಿ ಓಡಿಸುತ್ತಿದ್ದ. ನುಮಾಜು ಊರಿನ ಅರ್ಧ ಮಕ್ಕಳು ಅವನು ತಂದ ಬ್ರೆಡ್ಡು ತಿಂದು ಬೆಳೆದವರು. ಅವನ ಹೆಸರು ಒಬ್ಬರಿಗೂ ಗೊತ್ತಿರಲಿಲ್ಲ. ಒಗೆಯಲು ಹಾಕಿದ ಸಮವಸ್ತ್ರ ಒಯ್ಯಲು ಒಂದು ಸಂಜೆ ಇಸೊಗಾಯ್‌ನ ಅಂಗಡಿಗೆ ಬಂದವನು, ಇಸ್ತ್ರಿ ಮೇಜಿನ ಹಿಂದೆ ಹಾಡುತ್ತಿದ್ದ ಪೆಟ್ಟಿಗೆಯ ಮುಂದೆ ನಿಂತುಬಿಟ್ಟ. ಇಪ್ಪತ್ತು ನಿಮಿಷದ ಒಂದೇ ಹಾಡು ಅರ್ಧ ಜಾಗ ತುಂಬಿರುವ ಇಂಗ್ಲೆಂಡಿನ ಆ ಹಳೆಯ ಆಲ್ಬಮನ್ನು ಊರಿನಲ್ಲಿ ತಾನೊಬ್ಬನೇ ಕೇಳುವುದು ಎಂದು ಇಬ್ಬರೂ ಅಂದುಕೊಂಡಿದ್ದರು.

"ಇದು ಹಳೇ ಸಿಡಿ," ಎಂದ ಹಿರೊಸೆ, ಹಾಡು ಮುಗಿದ ಮೇಲೆ. "ನನ್ನ ಹತ್ರ ಹೊಸದಿದೆ. ಅದರಲ್ಲಿ ಆ ಉಸಿರಿಲ್ಲ."

ಹಾಗೆ ಶುರುವಾದದ್ದು. ಮೂರು ನಾಲ್ಕು ವರ್ಷಕ್ಕೊಮ್ಮೆ ಯಾರೋ ಹಳೆಯ ಟೇಪುಗಳನ್ನು ಉಗ್ರಾಣದಿಂದ ಇಳಿಸಿ, ಧೂಳು ಜಾಡಿಸಿ, ಹೊಸದಾಗಿ ಸಿಡಿ ಮಾಡಿ ಬಿಡುತ್ತಾರೆ. ಹಾಡು ಅದೇ, ಆದರೆ ಅದೇ ಅಲ್ಲ. ಬಟ್ಟೆ ಒಗೆಯುವ ಇಸೊಗಾಯ್‌ಗೆ ಇದು ಬೇಗ ಅರ್ಥವಾಗುತ್ತಿತ್ತು. ಕಲೆ ತೆಗೆಯಲು ಹೋಗಿ ಬಣ್ಣ ತೆಗೆದುಬಿಡುವವರಿರುತ್ತಾರೆ. ಮೂರನೆಯ ನಿಮಿಷದಲ್ಲಿ ನಾಲ್ಕೂ ವಾದ್ಯ ಒಮ್ಮೆಲೇ ನಿಲ್ಲುತ್ತವೆ. ಆರ್ಗನ್ ಮತ್ತೆ ಏಳುವ ಮುಂಚೆ, ಅದನ್ನು ನುಡಿಸುವವನು ಒಂದು ಸಲ ಉಸಿರೆಳೆದುಕೊಳ್ಳುತ್ತಾನೆ. ಮೊದಲ ಸಿಡಿಯಲ್ಲಿ ಟೇಪಿನ ಸೊಯ್ಯೆನ್ನುವ ಸದ್ದಿನ ಹಿಂದೆ ಅದು ಕೇಳಿಸುತ್ತದೆ. ಎರಡನೆಯದರಲ್ಲಿ ಸದ್ದಿನ ಜೊತೆ ಉಸಿರನ್ನೂ ಒರೆಸಿಹಾಕಿದ್ದರು. ಆಮೇಲೆ ಬಂದದ್ದರಲ್ಲಿ ಎಲ್ಲವನ್ನೂ ಎಷ್ಟು ಜೋರು ಮಾಡಿದ್ದರೆಂದರೆ ಉಸಿರೆಳೆದದ್ದು ಸೀನಿದ ಹಾಗಿತ್ತು.

ಭಾನುವಾರ ಮಧ್ಯಾಹ್ನ ಹಿರೊಸೆಯ ಮಾಳಿಗೆ ಕೋಣೆ. ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆಂದು ಹಿರೊಸೆ ಸದ್ದು ಅಳೆಯುವ ಪುಟ್ಟ ಯಂತ್ರವೊಂದನ್ನು ಕೊಂಡಿದ್ದ. ಎಲ್ಲ ಸಿಡಿಯನ್ನೂ ಒಂದೇ ಮಟ್ಟಕ್ಕೆ ತಂದೇ ಕೇಳಬೇಕು. ಒಬ್ಬ ಗೋಡೆಗೆ ಮುಖ ಮಾಡಿ ಕೂರುವುದು, ಇನ್ನೊಬ್ಬ ಹೇಳದೆ ಸಿಡಿ ಬದಲಿಸುವುದು. ಹಿರೊಸೆ ಗೋಡೆಯ ಕಡೆ ಕೂತಾಗ ಕಣ್ಣು ಮುಚ್ಚಿ, ತುಟಿ ಬಿಗಿಹಿಡಿದು, ಪೂಜೆಗೆ ಕೂತವನಂತೆ ಇರುತ್ತಿದ್ದ. ಉಸಿರು ಬಂದಾಗ ಒಂದು ಬೆರಳೆತ್ತಿ "ಇದೇ" ಎನ್ನುತ್ತಿದ್ದ. ಮಧ್ಯೆ ಇಬ್ಬರೂ ಕಾರ್ಖಾನೆಯಿಂದ ಅವನು ತಂದ ಬ್ರೆಡ್ಡಿನ ತುದಿಗಳನ್ನು ಸುಟ್ಟು ಬೆಣ್ಣೆ ಸವರಿ ತಿನ್ನುತ್ತಿದ್ದರು.

ಹೆಂಡತಿ ತೀರಿಕೊಂಡ ವಾರವೂ ಹಿರೊಸೆ ಬಾಗಿಲು ತೆರೆದಿಟ್ಟು ಕಾದಿದ್ದ. ಆ ದಿನ ಏನನ್ನೂ ಹೋಲಿಸಲಿಲ್ಲ. ಮೊದಲ ಸಿಡಿಯನ್ನೇ ಎರಡು ಸಲ ಹಾಕಿದರು. "ನಿನ್ನೊಬ್ಬನ ಹತ್ರ ಮಾತ್ರ ಮಾತಾಡ್ದೆ ಕೂತ್ಕೋಬಹುದು ಕಣೋ," ಎಂದಿದ್ದ ಹಿರೊಸೆ. ಆ ಮಾತನ್ನು ಇಸೊಗಾಯ್ ತನ್ನ ಸ್ವಂತ ಆಸ್ತಿಯಂತೆ ಇಟ್ಟುಕೊಂಡಿದ್ದ.

*

ಭವನದ ಓಣಿಯಲ್ಲಿ, ಪಾದರಕ್ಷೆಗಳ ಗೂಡಿನ ಪಕ್ಕದಲ್ಲಿ ಇಬ್ಬರೂ ನಿಂತಿದ್ದರು. ಒಳಗೆ ಗುರುಗಳು ಗಂಟೆ ಬಾರಿಸಿ ನೋಡಿಕೊಳ್ಳುತ್ತಿದ್ದರು.

"ಮೊದಲ್ನೇದರಲ್ಲಿ ಮಾತ್ರ ಉಸಿರು ಸರಿಯಾಗಿದೆ ಅಂತ ಅವನೇ ಹೇಳಿದ್ದು," ಎಂದ ಇಸೊಗಾಯ್. "ಒಂದು ಸಲ ಅಲ್ಲ. ಪ್ರತಿ ಭಾನುವಾರ."

"ಇರಬಹುದು. ಆದ್ರೆ ಕೊನೇದನ್ನ ಮೂಲ ಟೇಪುಗಳಿಂದ ಹೊಸದಾಗಿ ಬೆರೆಸಿದ್ದಾರೆ ಸ್ವಾಮಿ. ಒಂದೊಂದು ವಾದ್ಯ ಒಂದೊಂದು ಕಡೆ ನಿಲ್ಲತ್ತೆ. ಹಿರೊಸೆಯವ್ರು ಅದನ್ನ ಕೇಳಿ ಹೀಗೆ ಬೆರಳೆತ್ತಿ 'ಇದೇ' ಅಂದ್ರು. ನಾನೇ ನೋಡಿದ್ದು."

ಆ ಬೆರಳೂ ಅಲ್ಲಿಗೆ ಹೋಗಿತ್ತು! ಇಸೊಗಾಯ್ ಅವನ ಕಡೆಗೆ ಒಂದು ಹೆಜ್ಜೆ ಇಟ್ಟ.

"ಸದ್ದು ಸಮ ಮಾಡಿ ಕೇಳಿದ್ರಾ?"

"ಏನು?"

"ಸದ್ದು. ಎರಡೂ ಸಿಡಿ ಒಂದೇ ಮಟ್ಟಕ್ಕೆ ತಂದ್ರಾ, ಇಲ್ಲ ಸ್ನಾನದ ಮನೇಲಿ ಹಾಡ್ಕೊಳ್ಳೋರ ಹಾಗೆ ಪ್ರತಿಧ್ವನಿ ಕೇಳ್ಕೊಂಡು ತಲೆದೂಗಿದ್ರಾ?"

"ನಿಮ್ಮ ಇಸ್ತ್ರಿ ಅಂಗಡಿ ಹಬೇಲಿ ಮೂವತ್ತು ವರ್ಷ ಬೆಂದ ಕಿವಿಗಿಂತ ನನ್ನ ಕೋಣೆ ಒಣಗಿದೆ ಬಿಡಿ."

"ಏನ್ರೋ ಇದು?" ಎಂಬ ದನಿ ಕೆಳಗಿನಿಂದ ಬಂತು. ಹಿರೊಸೆಯ ಅಕ್ಕ ತೊಮೆ, ಎಂಬತ್ತು ಮೀರಿದ ಮುದುಕಿ, ಗಾಲಿಕುರ್ಚಿಯಲ್ಲಿ ಕೂತು ಶೀತದ ಮೂಗು ಒರೆಸಿಕೊಳ್ಳುತ್ತಿದ್ದಳು. "ಒಬ್ಬ ಹೆಣ್ಣಿಗೆ ಇಬ್ಬರು ಗಂಡಸ್ರು ಕಿತ್ತಾಡೋದು ನೋಡಿದ್ದೀನಿ. ನನ್ನ ತಮ್ಮ, ಆ ಬೋಳುತಲೆ ಬ್ರೆಡ್ ಗಾಡಿಯೋನಿಗೆ ಇಬ್ಬರು ತಾತಂದಿರು ಕಿತ್ತಾಡೋದು ಇವತ್ತೇ ನೋಡಿದ್ದು. ಒಳಗೆ ಬಂದು ಧೂಪ ಹಾಕ್ರಪ್ಪ. ಅವನಿಗೆ ಕೇಳ್ಸಿದ್ರೆ ಎದ್ದು ಬಂದಾನು."

ಚಿಹಾರು ಬಂದವಳೇ ಏನೂ ಕೇಳದೆ ಎರಡು ಕೈ ಚಾಚಿದಳು. ಇಸೊಗಾಯ್ ತನ್ನ ಸಿಡಿಯನ್ನು ಕೊಟ್ಟ, ಪುಸ್ತಿಕೆಯನ್ನು ಮಾತ್ರ ತೆಗೆದು ಜೇಬಿಗಿಟ್ಟುಕೊಂಡು. ಕೊನೆಯ ಸಿಡಿ ಹಿರೊಸೆಯ ಬೀರುವಿನದೇ ಅವಳ ಚೀಲದಲ್ಲಿತ್ತು. "ನಾನು ನೋಡ್ಕೋತೀನಿ," ಎಂದಳು.

ಗುರುಗಳು ಸೂತ್ರ ಪಠಿಸಿದರು. ಇಸೊಗಾಯ್ ದೈವಭಕ್ತ. ಬೆಳಿಗ್ಗೆ ಎದ್ದು ಮನೆಯ ಬುದ್ಧನಿಗೆ ಅನ್ನ ಇಡದೆ ಅಂಗಡಿ ತೆರೆದವನಲ್ಲ. ಇವತ್ತೂ ಎಲ್ಲರಿಗಿಂತ ಸ್ಪಷ್ಟವಾಗಿ ಪಠಿಸಿದ. ಅಮಿದಾನ ಹೆಸರು ನಾಲಿಗೆಯ ಮೇಲಿತ್ತು, ಬುಧವಾರ ಎಂಬುದು ಎದೆಯಲ್ಲಿತ್ತು. ಇಂಥ ಬಾಯಿಂದ ಹೊರಟ ಪ್ರಾರ್ಥನೆ ಸತ್ತವನನ್ನು ಎಷ್ಟು ದೂರ ಕೊಂಡೊಯ್ದೀತು ಎಂದು ಅವನಿಗೇ ಭಯವಾಯಿತು.

ಕೊನೆಗೆ ಎಲ್ಲರ ಕೈಗೂ ಹೂ ಕೊಟ್ಟರು. ಪೆಟ್ಟಿಗೆಯ ಸುತ್ತ ನಿಂತು ಹಿರೊಸೆಯ ಮೈ ಮುಚ್ಚುವಂತೆ ಹೂ ಇಡುತ್ತಿರುವಾಗ ಮೇಲಿನ ಸಣ್ಣ ಸ್ಪೀಕರುಗಳಿಂದ ಹಾಡು ಇಳಿಯಿತು. ಮೊದಲು ಕಡಲ ಹಕ್ಕಿಗಳ ಸದ್ದು, ಆಮೇಲೆ ಗಿಟಾರು. ಇಸೊಗಾಯ್ ಸೇವಂತಿಗೆ ಹಿಡಿದು ಅಲ್ಲಾಡದೆ ನಿಂತ. ಒಂದನೆಯ ನಿಮಿಷ. ಎರಡನೆಯದು. ವಾದ್ಯಗಳು ನಿಂತವು. ಆ ನಿಶ್ಶಬ್ದದಲ್ಲಿ ಅವನಿಗೆ ಕೇಳಿಸಿತು: ಸಣ್ಣಗೆ, ಹಳೆಯ ಗೆಳೆಯನೊಬ್ಬ ಬಾಗಿಲಾಚೆ ನಿಂತು ಎಳೆದುಕೊಂಡಂತೆ ಒಂದು ಉಸಿರು. ಆಮೇಲೆ ಆರ್ಗನ್ ಎದ್ದಿತು.

ಹುಡುಗಿ ಮೊದಲ ಸಿಡಿಯನ್ನೇ ಹಾಕಿಸಿದ್ದಾಳೆ!

ಅವನು ಜೇಬಿನಿಂದ ಪುಸ್ತಿಕೆಯನ್ನು ತೆಗೆದ. ಈ ಸಲ ಕೈ ತಡೆಯಲಿಲ್ಲ. ಹಿರೊಸೆಯ ಎಡಗಿವಿಯ ಪಕ್ಕ, ಮಕಾಬೆ ಇಟ್ಟ ರಟ್ಟಿಗಿಂತ ಒಂದು ಬೆರಳು ಹತ್ತಿರ ಇಟ್ಟು, ಮೇಲೆ ಹೂ ಮುಚ್ಚಿದ. ತಲೆಯೆತ್ತಿ ನೋಡಿದರೆ ಎದುರಿಗೆ ಮಕಾಬೆ. ಅವನ ಕಣ್ಣಲ್ಲೂ ನೀರು, ಮುಖದಲ್ಲಿ ಒಂಥರಾ ತೃಪ್ತಿ. ಸೋತವನಿಗೆ ಇಷ್ಟು ತೃಪ್ತಿ ಎಲ್ಲಿಂದ ಬಂತು ಎಂದು ಇಸೊಗಾಯ್‌ಗೆ ತಿಳಿಯಲಿಲ್ಲ.

*

ಶವದ ಗಾಡಿಯ ಹಿಂದೆ ಬಸ್ಸಿನಲ್ಲಿ ಹೋಗುವಾಗ ಇಸೊಗಾಯ್‌ಗೆ ಇತ್ತೀಚಿನ ಭಾನುವಾರಗಳು ನೆನಪಾದವು.

ಹಿರೊಸೆ ಗೋಡೆಗೆ ಮುಖ ಮಾಡಿ ಕೂರುವುದನ್ನು ಬಿಟ್ಟಿದ್ದ. ಬೆನ್ನು ನೋಯುತ್ತದೆಂದು ಕುರ್ಚಿ ತಿರುಗಿಸಿಕೊಂಡು ಎದುರುಬದುರು ಕೂರುತ್ತಿದ್ದ. ಕಣ್ಣನ್ನೂ ಮುಚ್ಚುತ್ತಿರಲಿಲ್ಲ.

"ಹೀಗೆ ಕೂತ್ರೆ ಯಾವ ಸಿಡಿ ಅಂತ ಕಂಡುಬಿಡತ್ತಲ್ಲೋ," ಎಂದು ಇಸೊಗಾಯ್ ಗದರಿದ್ದ.

"ಕಂಡ್ರೇನು? ಈ ವಯಸ್ಸಲ್ಲಿ ಪರೀಕ್ಷೆ ಪಾಸಾಗಿ ಯಾವ ಕೆಲಸಕ್ಕೆ ಸೇರ್ಬೇಕು ನಾನು?"

ಉಸಿರು ಬರುವ ಹೊತ್ತಿಗೆ ಹಿರೊಸೆಯ ಬೆರಳು ಮೇಲೇಳುತ್ತಿತ್ತು. ಮೊದಲಿಗಿಂತ ಕೂದಲೆಳೆಯಷ್ಟು ತಡವಾಗಿ. ಮುಪ್ಪು, ಎಂದುಕೊಂಡಿದ್ದ ಇಸೊಗಾಯ್.

*

ಚಿತಾಗಾರದ ಕಾಯುವ ಕೋಣೆಯಲ್ಲಿ ಚಾಪೆ ಹಾಸಿ, ತಗ್ಗು ಮೇಜಿನ ಮೇಲೆ ಚಹಾ, ಕೆಂಪು ಅವರೆಯ ಸಿಹಿ, ಎರಡು ಬಾಟಲಿ ಬಿಯರು ಇಟ್ಟಿದ್ದರು. ಆಚೆ ಗೋಡೆಯ ಹಿಂದೆ ಹಿರೊಸೆ ಉರಿಯುತ್ತಿದ್ದ. ಗೆದ್ದವನಿಗೆ ದೊಡ್ಡ ಮನಸ್ಸು ಸುಲಭವಾಗಿ ಬರುತ್ತದೆ. ಇಸೊಗಾಯ್ ಮಕಾಬೆಯ ಲೋಟಕ್ಕೆ ಬಿಯರು ಬಗ್ಗಿಸಿದ.

"ಬೇಜಾರು ಮಾಡ್ಕೋಬೇಡಿ. ಕೊನೇಗೆ ನಂದನ್ನ ಹಾಕ್ಸಿದ್ರು ಅಂತ."

"ನಿಮ್ದಾ?" ಮಕಾಬೆ ಲೋಟ ಕೆಳಗಿಟ್ಟ. "ಆರ್ಗನ್ನು ಬಲಗಡೆಯಿಂದ ಬರ್ಲಿಲ್ವಾ? ಅದು ಕೊನೇದರಲ್ಲಿ ಮಾತ್ರ ಹಾಗೆ. ನಾನು ಆವಾಗ್ಲೇ ಚಿಹಾರುಗೆ ಮನಸ್ಸಲ್ಲೇ ಕೈ ಮುಗ್ದೆ."

"ಉಸಿರು ಕೇಳಿಸ್ತಲ್ರೀ!"

"ಉಸಿರಾ?" ಎಂದಳು ತೊಮೆ, ಸಿಹಿ ಅಗಿಯುತ್ತ. "ಹಾಡು ಗಪ್ಪಂತ ನಿಂತಾಗ ಮೂಗೆಳ್ಕೊಂಡಿದ್ದು ನಾನು. ನಿಂತೇಹೋಯ್ತು ಅಂದ್ಕೊಂಡೆ, ಇಲ್ದಿದ್ರೆ ತಡ್ಕೋತಿದ್ದೆ."

ಇಬ್ಬರೂ ಚಿಹಾರು ಕಡೆ ತಿರುಗಿದರು. ಅವಳು ಚೀಲದಿಂದ ಎರಡೂ ಸಿಡಿಗಳನ್ನು ತೆಗೆದು ಮೇಜಿನ ಮೇಲಿಟ್ಟಳು.

"ಯಾವ್ದೂ ಅಲ್ಲ ಮಾಮ. ಭವನದಲ್ಲಿ ಸಿಡಿ ಹಾಕೋ ಯಂತ್ರಾನೇ ಇಲ್ವಂತೆ, ಕೆಟ್ಟು ಎಸೆದು ಎಷ್ಟೋ ಕಾಲ ಆಯ್ತಂತೆ. ನನ್ನ ಫೋನಲ್ಲಿ ಹುಡುಕ್ದೆ. ಮೊದಲು ಸಿಕ್ಕಿದ್ದನ್ನ ಹಾಕ್ಸ್ದೆ."

"ಫೋನಲ್ಲಿ," ಎಂದ ಇಸೊಗಾಯ್.

"ಫೋನಲ್ಲಿ," ಎಂದ ಮಕಾಬೆ.

ಇಬ್ಬರೂ ಮೇಜಿನ ಮೇಲಿದ್ದ ಸಿಡಿಗಳನ್ನು ನೋಡಿದರು. ಆಮೇಲೆ ಇಸೊಗಾಯ್‌ಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ, ಬೆಂಕಿಗೆ ಹೋದ ಪುಸ್ತಿಕೆಯ ನೆನಪು ಬಂತು. "ನಿಮ್ಮಪ್ಪ ಇದ್ದಿದ್ರೆ ಮೊದಲ ಸ್ವರಕ್ಕೇ ಕಂಡುಹಿಡೀತಿದ್ದ. ಅಂಥ ಕಿವಿ ಅದು. ಇದನ್ನ ಸಹಿಸ್ತಿರ್ಲಿಲ್ಲ ಕಣಮ್ಮ."

ಚಿಹಾರು ಲೋಟದ ಅಂಚನ್ನು ಬೆರಳಿಂದ ಒರೆಸಿದಳು.

"ಹೇಳ್ಬಾರ್ದು ಅಂತಿದ್ದೆ. ಮೂರು ವರ್ಷದಿಂದ ಅಪ್ಪಂಗೆ ಸಣ್ಣ ಸದ್ದು ಒಂದೂ ಕೇಳಿಸ್ತಿರ್ಲಿಲ್ಲ. ಹಕ್ಕಿ, ಕೆಟಲ್ ಸೀಟಿ, ಯಾವ್ದೂ ಇಲ್ಲ. ಮನೇಲಿ ಕಿವೀಗೆ ಯಂತ್ರ ಹಾಕ್ಕೋತಿದ್ರು. ನೀವು ಬರೋ ಹೊತ್ತಿಗೆ ತೆಗೆದು ಸಕ್ಕರೆ ಬಟ್ಟಲಲ್ಲಿ ಬಚ್ಚಿಡೋರು. ಬುಧವಾರಾನೂ ಬಿಟ್ಟೇ ಹೋಗ್ತಿದ್ರು."

"ಹಂಗಾದ್ರೆ ಆ ಬೆರಳು?" ಎಂದ ಮಕಾಬೆ. "ಸರಿಯಾದ ಜಾಗಕ್ಕೇ ಎತ್ತುತಿದ್ರಲ್ಲ?"

"ನಾನೂ ಕೇಳ್ದೆ. ಅಪ್ಪ ನಕ್ಬಿಟ್ರು. 'ಮುಖ ನೋಡ್ತಾ ಇರ್ತೀನಿ ಚಿಹಾರು. ಆ ಜಾಗ ಬಂದಾಗ ಅವನ ಮುಖ ಒಂಥರಾ ಆಗತ್ತೆ. ಅದನ್ನ ನೋಡಿದ್ರೆ ಸಾಕು, ಹಾಡು ಪೂರ್ತಿ ಕೇಳಿದಂಗೆ' ಅಂದ್ರು."

ಇಸೊಗಾಯ್ ಬಿಯರಿನ ಬಾಟಲಿಯನ್ನು ಪಕ್ಕಕ್ಕೆ ಸರಿಸಿದ. ತಿರುಗಿಸಿಟ್ಟ ಕುರ್ಚಿ, ತೆರೆದ ಕಣ್ಣು, ತಡವಾದ ಬೆರಳು, ಎಲ್ಲ ಒಂದೊಂದಾಗಿ ಎದುರು ಬಂದು ನಿಂತವು. ಅಷ್ಟು ದಿನ ತನ್ನ ಮುಖವನ್ನು ಇನ್ನೊಬ್ಬ ಜೀವ ಅಷ್ಟು ಗಮನ ಕೊಟ್ಟು ನೋಡಿತ್ತೆ? ತನ್ನ ಹೆಂಡತಿಯೂ ಹಾಗೆ ನೋಡಿದವಳಲ್ಲ. ಆದರೆ ಆ ಸುಖ ಮನಸ್ಸಿಗೆ ಇಳಿಯುವಷ್ಟರಲ್ಲಿ, ಮೇಜಿನಾಚೆಯಿಂದ ಮಕಾಬೆ ಕೇಳಿಬಿಟ್ಟಿದ್ದ. ಅವನು ಕೇಳದಿದ್ದರೆ ಇಸೊಗಾಯ್ ತಾನೇ ಕೇಳುತ್ತಿದ್ದ.

"ಅವನ ಮುಖ ಅಂದ್ರೆ... ಯಾರ ಮುಖ?"

ಚಿಹಾರು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು.

"ಅಪ್ಪ ಹೆಸರು ಹೇಳ್ಲಿಲ್ಲ," ಎಂದಳು.

ಬಾಗಿಲು ಸರಿಯಿತು. ಆಯಿತೆಂದು ಹೇಳಲು ಚಿತಾಗಾರದವನು ಬಂದಿದ್ದ.

*

ಲೋಹದ ಹಾಸಿನ ಮೇಲೆ ಹಿರೊಸೆ ಬೆಳ್ಳಗೆ, ಹಗುರವಾಗಿ ಉಳಿದಿದ್ದ. ಬೂದಿಯಿಂದ ಇನ್ನೂ ಬಿಸಿ ಏಳುತ್ತಿತ್ತು. ಪದ್ಧತಿಯಂತೆ ಇಬ್ಬಿಬ್ಬರು ಹಾಸಿನ ಎರಡು ಬದಿ ನಿಂತು, ಒಂದೇ ಮೂಳೆಯನ್ನು ಇಬ್ಬರೂ ಊಟದ ಕಡ್ಡಿಗಳಂಥ ಜೋಡಿ ಕಡ್ಡಿಗಳಲ್ಲಿ ಹಿಡಿದೆತ್ತಿ ಅಸ್ಥಿಯ ಕುಂಭಕ್ಕೆ ಹಾಕಿದರು. ಪಾದದಿಂದ ಶುರುಮಾಡಿ ಮೇಲಕ್ಕೆ. ಗಾಡಿಯ ಕ್ಲಚ್ಚು ಒತ್ತಿ ಒತ್ತಿ ಸವೆದ ಮಂಡಿ ಹೋಯಿತು. ನೋಯುತ್ತಿದ್ದ ಬೆನ್ನು ಹೋಯಿತು. ಕುಳಿತ ಬುದ್ಧನ ಆಕಾರದ ಕೊರಳ ಮೂಳೆಯನ್ನು ಚಿಹಾರು ತನ್ನ ಅತ್ತೆ ತೊಮೆಯ ಜೊತೆ ಎತ್ತಿದಳು. ಮುದುಕಿ ಗಾಲಿಕುರ್ಚಿಯಿಂದ ಮುಂದಕ್ಕೆ ಬಾಗಿ ಅದನ್ನು ಬೀಳದಂತೆ ಹಿಡಿದಳು. ಇಸೊಗಾಯ್ ಕಣ್ಣು ಮುಚ್ಚಿ ಅಮಿದಾನನ್ನು ನೆನೆದ.

ಚಿತಾಗಾರದವನು ಬಿಳಿ ಕೈಗವಸಿನ ಬೆರಳಿಂದ ಬೂದಿ ಸರಿಸಿ, ಚಿಪ್ಪಿನಂಥ ಸಣ್ಣ ಚೂರೊಂದನ್ನು ಮುಂದಕ್ಕೆ ತಂದಿಟ್ಟ. ಅದರ ನಡುವೆ ಒಂದು ರಂಧ್ರ.

"ಇದು ಕಿವಿಯ ಭಾಗ," ಎಂದ. "ಇಷ್ಟು ಚೆನ್ನಾಗಿ ಉಳಿಯೋದು ಅಪರೂಪ. ಯಾರು ಎತ್ತುತ್ತೀರಿ?"

ಚಿಹಾರು ಕಡ್ಡಿಗಳನ್ನು ಕೆಳಗಿಟ್ಟು ಹಿಂದಕ್ಕೆ ಸರಿದಳು. "ಮಾಮ. ಮಕಾಬೆಯವ್ರೇ. ನೀವಿಬ್ರೂ."

ಇಸೊಗಾಯ್ ಎಡಗಡೆ ನಿಂತ. ಮಕಾಬೆ ಬಲಗಡೆ. ನಾಲ್ಕು ಕಡ್ಡಿಗಳು ಚೂರಿನ ಅಂಚನ್ನು ಹುಡುಕಿದವು, ಒಂದಕ್ಕೊಂದು ತಾಗಿದವು, ಜಾಗ ಬಿಟ್ಟುಕೊಂಡವು. ಒಬ್ಬ ಬಿಗಿ ಮಾಡಿದರೆ ಪುಡಿಯಾಗುತ್ತಿತ್ತು, ಒಬ್ಬ ಸಡಿಲ ಬಿಟ್ಟರೆ ಬೀಳುತ್ತಿತ್ತು. ಮೆಲ್ಲಗೆ ಎತ್ತಿದರು. ಮೆಲ್ಲಗೆ ನಡೆದರು. ಕುಂಭದ ಬಾಯಿಯ ಮೇಲೆ ಬಂದು ಇಬ್ಬರೂ ನಿಂತರು.

ಇನ್ನು ಬಿಡಬೇಕಿತ್ತು. ಇಸೊಗಾಯ್ ಮಕಾಬೆ ಬಿಡಲೆಂದು ಕಾದ. ಮಕಾಬೆ ಇಸೊಗಾಯ್ ಬಿಡಲೆಂದು ಕಾದ. ಕುಂಭದ ಮುಚ್ಚಳ ಹಿಡಿದ ಚಿತಾಗಾರದವನು ಒಬ್ಬರನ್ನು ನೋಡಿದ, ಇನ್ನೊಬ್ಬರನ್ನು ನೋಡಿದ, ಆಮೇಲೆ ನೆಲ ನೋಡುತ್ತ ನಿಂತ. ಎರಡು ಜೊತೆ ಕಡ್ಡಿಗಳ ನಡುವೆ, ಉಗುರಿನಷ್ಟು ದೊಡ್ಡ ಆ ಬಿಳಿ ಮೂಳೆ ಅಲುಗದೆ ನಿಂತಿತ್ತು. ಅದರ ರಂಧ್ರದ ಮೂಲಕ ಕುಂಭದ ಒಳಗಿನ ಕತ್ತಲು ಕಾಣುತ್ತಿತ್ತು.